ಮೇಜಿನ ಕೆಳಗಿನ ಗಾಳಿ ಇಲಾಖೆ

ಗುಂಯ್... ಗುರ್ರ್... ಬೆಳಗಿನಿಂದ ನಮ್ಮ ಹಳೆಯ ಲ್ಯಾಪ್‌ಟಾಪಿನ ಫ್ಯಾನು ಮೂಗು ಕಟ್ಟಿದವರಂತೆ ಗೊರಗುಡುತ್ತಿತ್ತು. ಮಧ್ಯಾಹ್ನ ನನ್ನ ಹೆಂಡತಿಗೆ ಅದರಲ್ಲೇ ಸಂದರ್ಶನ. ಮಗಳು ದೊಡ್ಡವಳಾಗಲೆಂದು ಮನೆಯಲ್ಲೇ ಉಳಿದಿದ್ದವಳು ಮತ್ತೆ ಗಣಿತದ ಟೀಚರಾಗಲು ಹೊರಟಿದ್ದಳು. ಲ್ಯಾಪ್‌ಟಾಪಿನಲ್ಲೋ, ಸ್ವಲ್ಪ ಹೊತ್ತಾದರೆ ವೈಫೈ ಮಾಯ.

"ಫೋನಲ್ಲಿ ಚೆನ್ನಾಗೇ ಬರ್ತಿದೆ. ಅದರಲ್ಲೇ ಮಾತಾಡ್ತೀನಿ ಬಿಡ್ರೀ."

"ಅಂಗೈಯಗಲದ ಪರದೆಯಲ್ಲಿ ಸಂದರ್ಶನಾನಾ? ನಾನಿಲ್ವಾ?"

"ಅದೇ ಭಯ."

ತಳ ಮುಟ್ಟಿ ನೋಡಿದೆ. ಒಂದು ಮೂಲೆ ಮಾತ್ರ ಕಾದ ಕಾವಲಿ. ಒಳಗೆ ವೈಫೈ ಹಿಡಿಯುವ ವೈರ್‌ಲೆಸ್ ಕಾರ್ಡಿಗೆ ಜ್ವರ ಎಂದು ಘೋಷಿಸಿದೆ. (ರೋಗನಿದಾನ ಸರಿಯಾಗಿಯೇ ಇತ್ತು, ದಯವಿಟ್ಟು ನೆನಪಿಡಿ.) ತಳದ ಪುಟ್ಟ ಮುಚ್ಚಳ ಬಿಚ್ಚಿ ಧೂಳು ತೆಗೆದರೂ ಬಿಸಿ ಇಳಿಯಲಿಲ್ಲ. ಟೇಬಲ್ ಫ್ಯಾನು ಇಟ್ಟರೆ ಅದರ ಗಲಾಟೆಯೇ ಹೆಚ್ಚು. ಕೊನೆಗೆ ಲ್ಯಾಪ್‌ಟಾಪನ್ನು ಎರಡು ಮೇಜುಗಳ ನಡುವೆ ಸೇತುವೆಯಂತೆ ಇಟ್ಟು, ರಟ್ಟಿನ ತುಂಡಿನಿಂದ ಗಾಳಿ ಬೀಸುತ್ತಾ ಕೆಳಗೆ ಕೂತೆ. ಸಾಕ್ಷಾತ್ ಚಾಮರಸೇವೆ!

ಸಂದರ್ಶನ ಶುರುವಾಯಿತು. ಕೆಳಗಿನಿಂದ ನನಗೆ ಕಾಣುತ್ತಿದ್ದುದು ಅವಳ ಪಾದಗಳಷ್ಟೇ. ಮೊದಮೊದಲು ಒಂದನ್ನೊಂದು ಬಿಗಿಯಾಗಿ ಹಿಡಿದುಕೊಂಡಿದ್ದವು. ಭಿನ್ನರಾಶಿ ವಿವರಿಸುತ್ತಾ ಹೋದಂತೆ, ತಮ್ಮ ಮನೆಗೆ ಬಂದವರ ಹಾಗೆ ನೆಲದ ಮೇಲೆ ನಿಶ್ಚಿಂತೆಯಿಂದ ಊರಿಕೊಂಡವು. ನನ್ನ ಕೈ ಸೋತಿತ್ತು, ಎದೆ ಹಗುರಾಗಿತ್ತು.

"ತುಂಟ ಮಕ್ಕಳನ್ನ ಹೇಗೆ ಸಂಭಾಳಿಸ್ತೀರಿ?" ಎಂದು ಹೆಡ್‌ಮಾಸ್ಟರು ಕೇಳಿದ ಕ್ಷಣಕ್ಕೇ ನನ್ನ ಮೂಗಿಗೆ ಧೂಳು ಹೊಗಬೇಕೆ! ಮೇಜು ಅಲುಗುವಂತೆ ಸೀನಿದೆ.

"ಏನಾದ್ರೂ ಕೆಲಸ ಕೊಟ್ಟು ಕೂರಿಸ್ತೀನಿ ಸಾರ್," ಎಂದಳು ಹೆಂಡತಿ. "ಈಗ ಒಬ್ಬರು ಮೇಜಿನ ಕೆಳಗಿದ್ದಾರೆ."

ಆ ಕಡೆ ನಗುವೋ ನಗು. ಮುಂದಿನ ವಾರವೇ ಬಂದು ಸೇರಿಕೊಳ್ಳಿ ಎಂದರು.

"ನೋಡಿದ್ಯಾ? ಗಾಳಿ ಬೀಸೋರು ಇದ್ದಿದ್ದಕ್ಕೆ ನೆಟ್ ಹೋಗ್ದೆ ಉಳೀತು!" ಎಂದು ತಲೆ ಹೊರಗೆ ಹಾಕಿದೆ.

ಲ್ಯಾಪ್‌ಟಾಪಿಗೆ ಒರಗಿ ಅವಳ ಫೋನು ನಿಂತಿತ್ತು.

"ನಮಸ್ಕಾರ ಅನ್ನೋಷ್ಟರಲ್ಲೇ ನಿಮ್ಮ ನೆಟ್ ಹೋಯ್ತು. ಆಮೇಲೆಲ್ಲ ಇದರಲ್ಲೇ ಮಾತಾಡಿದ್ದು."

"ಮತ್ತೆ ನನಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಎದ್ದು ಬಂದು ರಿಪೇರಿ ಮಾಡ್ತಿದ್ರಿ." ನನ್ನ ಹಣೆಯ ಧೂಳನ್ನು ಸೆರಗಿನಿಂದ ಒರೆಸಿದಳು. "ಆದ್ರೂ ಕಾಲಿಗೆ ತಣ್ಣಗೆ ಗಾಳಿ ಬರ್ತಿತ್ತು ನೋಡಿ, ಅದಕ್ಕೇ ಧೈರ್ಯ..."

ಅಷ್ಟರಲ್ಲಿ ಮೇಲೆ ಲ್ಯಾಪ್‌ಟಾಪು ಟಿಣ್ ಎಂದಿತು. "ಬಂತು! ನೆಟ್ ಬಂತು ಕಣೇ! ನಾನು ಹೇಳ್ಲಿಲ್ವಾ, ಕಾರ್ಡು ತಣ್ಣಗಾದ್ರೆ..."

ಅವಳು ಮಗಳಿಗೆ ಸುದ್ದಿ ಹೇಳಲು ಫೋನೆತ್ತಿಕೊಂಡು ಆಗಲೇ ಬಾಗಿಲು ದಾಟಿದ್ದಳು.