ಬುರುಡೆ ಪಟ್ಟಿ

ಎಲ್ಲಕ್ಕೂ ಮೂಲ ಒಂದು ಮಿಕ್ಸಿ.

ಭಾನುವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ತಕ್ಕಡಿ ಸಾಹೇಬರ ಮೊಬೈಲ್ 'ಟಿಣ್' ಅಂದಿತು. ಸಾಹೇಬರು ಓದಿದರು. ಓದುತ್ತಾ ಓದುತ್ತಾ ಅವರ ಕಿವಿಗಳೆರಡೂ ಕಾದ ಇಸ್ತ್ರಿಪೆಟ್ಟಿಗೆಯಂತೆ ಬಿಸಿಯಾದವು.

"ನಿಮ್ಮ ವಿಡಿಯೋ ನೋಡಿದೆವು. ಏಳನೇ ನಿಮಿಷದಲ್ಲಿ ಮಿಕ್ಸಿ. ಹನ್ನೊಂದನೇ ನಿಮಿಷದಲ್ಲಿ ಒಬ್ಬ ಹಿರಿಯ ಮಹಿಳೆ 'ನನ್ನ ಕನ್ನಡಕ ಎಲ್ಲಿ' ಎಂದು ನಾಲ್ಕು ಸಲ ಕೇಳುತ್ತಾರೆ. ಹದಿನಾರರಲ್ಲಿ ಬಕೆಟ್ ಬೀಳುತ್ತದೆ. ಆಟದ ಸದ್ದು ಎಲ್ಲೂ ಸರಿಯಾಗಿ ಕೇಳಿಸುವುದಿಲ್ಲ. ಈ ಗದ್ದಲದ ಮರೆಯಲ್ಲಿ ವಿಡಿಯೋವನ್ನು ಕತ್ತರಿಸಿ ಅಂಟಿಸಿರಬಹುದೆಂಬ ಅನುಮಾನವಿದೆ. ಇಂದು ಸಂಜೆ ಐದರೊಳಗೆ ಗದ್ದಲವಿಲ್ಲದ ವಿಡಿಯೋ ಬಾರದಿದ್ದರೆ ನಿಮ್ಮ ಹೆಸರು ಬುರುಡೆ ಪಟ್ಟಿಗೆ ಸೇರುತ್ತದೆ. ಇತಿ, ಪಂಚ."

ಟೀವಿಗೆ ಸಿಕ್ಕಿಸಿ ಆಡುವ ಹಳೇ ಕಾಲದ ಗೇಮ್ ಪೆಟ್ಟಿಗೆಗಳನ್ನು ಇನ್ನೂ ಬಿಸಾಕದೆ ಇಟ್ಟುಕೊಂಡಿರುವ ಇನ್ನೂರು ಜನರ ಬಳಗವೊಂದು ಮೊಬೈಲಿನಲ್ಲಿತ್ತು. ಆ ಬಳಗದ ಯಜಮಾನನೇ ಪಂಚ. ಅವನ ಮುಖ ಕಂಡವರಿಲ್ಲ, ತೀರ್ಪು ಮೀರಿದವರಿಲ್ಲ. ಇಂಥ ಆಟ ಗೆದ್ದೆ ಅಂತ ಯಾರಾದರೂ ಹೇಳಿಕೊಂಡರೆ ವಿಡಿಯೋ ಕಳಿಸಬೇಕು. ಒಪ್ಪಿಗೆಯಾದರೆ ಸಾಧಕರ ಪಟ್ಟಿ. ಇಲ್ಲದಿದ್ದರೆ ಬುರುಡೆ ಬಿಡುವವರ ಪಟ್ಟಿ. ನಡುವೆ ಇನ್ನೊಂದು ಪಟ್ಟಿ ಇಲ್ಲ.

ತಕ್ಕಡಿ ಸಾಹೇಬರು ಹೋದ ತಿಂಗಳು ಹನ್ನೆರಡು ಗುಹೆಗಳ ಆಟವನ್ನು ಒಂದೇ ಜೀವದಲ್ಲಿ, ಇಪ್ಪತ್ತಮೂರು ನಿಮಿಷದಲ್ಲಿ ಮುಗಿಸಿದ್ದರು. ಸತ್ಯ. ಅಪ್ಪಟ ಸತ್ಯ. ಆದರೆ ಆವತ್ತು ಮನೆಯವರೆಲ್ಲ ಮದುವೆಗೆ ಹೋಗಿದ್ದರಿಂದ ಆ ಸತ್ಯವನ್ನು ಕಂಡದ್ದು ಗೋಡೆಯ ಮೇಲಿನ ಹಲ್ಲಿಯೊಂದೇ. ವಿಡಿಯೋ ತೆಗೆದಿರಲಿಲ್ಲ; ಮನೆಯವರು ಬಂದ ಮೇಲೆ ಇನ್ನೊಮ್ಮೆ ಆಡಿ ತೆಗೆದು ಕಳಿಸಿದ್ದೇ ಈ ಮಿಕ್ಸಿ ವಿಡಿಯೋ.

"ನನಗೆ ಬುರುಡೆ ಅಂತಾನಲ್ಲ!" ಸಾಹೇಬರು ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. "ನನಗೆ!"

ಅವರ ಸಿಟ್ಟಿಗೆ ಕಾರಣವಿತ್ತು. ಅವರು ತೂಕ ಮತ್ತು ಅಳತೆಯ ಕಚೇರಿಯಲ್ಲಿ ಇನ್ಸ್‌ಪೆಕ್ಟರು. ಅಂಗಡಿ ಅಂಗಡಿಗೆ ಹೋಗಿ ತಕ್ಕಡಿ ಪರೀಕ್ಷಿಸಿ ಮುದ್ರೆ ಒತ್ತುವುದೇ ಉದ್ಯೋಗ. ಇಪ್ಪತ್ತು ವರ್ಷದಿಂದ ಒಂದು ಗ್ರಾಂ ಆಚೀಚೆ ಬಿಟ್ಟವರಲ್ಲ. ಬೀದಿಯ ಕೊನೆಯ ದಿನಸಿ ಅಂಗಡಿಯವನ ತಕ್ಕಡಿ ಹದಿನೈದು ಗ್ರಾಂ ಕಳ್ಳತನ ಮಾಡುತ್ತದೆಂದು ಅಂಗಡಿ ತುಂಬ ಗಿರಾಕಿಗಳಿದ್ದಾಗಲೇ ಸಾರಿ ಹೇಳಿದ್ದವರು. ಆ ದಿನಸಿಯವನೂ ಅದೇ ಬಳಗದಲ್ಲಿದ್ದ. ಪಂಚನ ಸಂದೇಶದ ಕೆಳಗೆ ಈಗಾಗಲೇ ಹಲ್ಲು ಕಿಸಿಯುವ ಮೂರು ಹಳದಿ ಮುಖಗಳನ್ನು ಒತ್ತಿಯೂ ಆಗಿತ್ತು. ನಾಳೆ ಅವನ ಅಂಗಡಿ ಮೆಟ್ಟಿಲು ಹತ್ತಿ ಯಾವ ಬಾಯಲ್ಲಿ 'ತಕ್ಕಡಿ ತೋರಿಸು' ಅನ್ನುವುದು?

"ಮಿಕ್ಸಿ ಹಾಕಿದ್ದು ಯಾರು?"

"ನಾನು," ಅಂದಳು ಹೆಂಡತಿ, ತಿರುಗದೆಯೇ. "ನಿಮ್ಮ ಆಟಕ್ಕೆ ಅಂತ ಮಸಾಲೆ ಕೈಯಲ್ಲಿ ಅರೀಲಾ?"

"ಅದಕ್ಕೇ ಆ ಕ್ಯಾಪ್ಚರ್ ಕಾರ್ಡ್ ತಗೊಳ್ಳೋಣ ಅಂದೆ. ಅದನ್ನ ಸಿಕ್ಕಿಸಿದ್ರೆ ಆಟ ನೆಟ್ಟಗೆ ಕಂಪ್ಯೂಟರಿಗೆ ಇಳಿಯುತ್ತೆ. ಮನೆ ಸದ್ದು ಒಳಗೆ ಬರೋದೇ ಇಲ್ಲ."

"ತಗೊಳ್ಳಿ. ಮನೆ ಸದ್ದೇ ಬೇಡ ಅನ್ನೋರು ಮನೆ ಊಟಾನೂ ಎರಡು ತಿಂಗಳು ಬಿಡಿ."

ಒಳಗಿನಿಂದ ಅತ್ತೆಯ ದನಿ ಬಂತು. "ಯಾವ ಕಾರ್ಡ್ ಅಳಿಯಂದ್ರೇ? ಹಳೇ ಗ್ರೀಟಿಂಗ್ ಕಾರ್ಡ್ ಬೇಕಾದ್ರೆ ನನ್ನ ಪೆಟ್ಟಿಗೇಲಿ ಒಂದು ಕಟ್ಟು ಇದೆ!"

ಸಾಹೇಬರು ಹಲ್ಲು ಕಚ್ಚಿಕೊಂಡು ಕೆಲಸಕ್ಕಿಳಿದರು. ಊಟದ ಮೇಜಿನ ಮೇಲೆ ಸ್ಟೂಲು, ಸ್ಟೂಲಿನ ಮೇಲೆ ಹಿಟ್ಟಿನ ಡಬ್ಬ, ಡಬ್ಬಕ್ಕೆ ಹೆಂಡತಿ ತಲೆಗೆ ಹಾಕುವ ಎರಡು ರಬ್ಬರ್ ಬ್ಯಾಂಡಿನಿಂದ ಬಿಗಿದ ಮೊಬೈಲ್. ಟೀವಿಯೂ ಕಾಣಬೇಕು, ಆಡುವ ಕೈಗಳೂ ಕಾಣಬೇಕು, ಅದು ಬಳಗದ ನಿಯಮ. ಇಣುಕಿ ನೋಡಿದರೆ ಎರಡೂ ಕಾಣುತ್ತಿದ್ದವು. ಜೊತೆಗೆ ಕಿಟಕಿಯ ಬೆಳಕು ಟೀವಿಯ ಗಾಜಿಗೆ ಬಡಿದು, ಮೊದಲನೇ ಗುಹೆಯ ಬಾಗಿಲಲ್ಲಿ ಬನಿಯನ್ ತೊಟ್ಟ ಬೊಕ್ಕತಲೆಯೊಂದು ಕೂತಿರುವುದೂ ಕಾಣುತ್ತಿತ್ತು. ಕಿಟಕಿಗೆ ಕಂಬಳಿ ಹೊಡೆದರು. ಫ್ಯಾನ್ ನಿಲ್ಲಿಸಿದರು. ಫ್ರಿಜ್ ಗುಂಯ್ ಅನ್ನುತ್ತದೆಂದು ಅದರ ಪ್ಲಗ್ ಕಿತ್ತರು. ಬಾಗಿಲಿನ ಬೆಲ್ಲಿನ ತಂತಿ ಬಿಚ್ಚಿದರು. ರೂಮು ಬಾಣಂತಿ ಕೋಣೆಯಷ್ಟು ಕತ್ತಲಾಯಿತು, ಇಟ್ಟಿಗೆ ಗೂಡಿನಷ್ಟು ಸೆಕೆಯಾಯಿತು.

"ಇಪ್ಪತ್ತಮೂರು ನಿಮಿಷ," ಅಂದರು. "ಯಾರೂ ತುಟಿ ಪಿಟಕ್ ಅನ್ನಬಾರದು."

ಹೆಂಡತಿ, ಅತ್ತೆ ಇಬ್ಬರೂ ಸೋಫಾದ ಮೇಲೆ ಕೂತರು.

ಸಾಹೇಬರು ಶುರುಮಾಡಿದರು. ಟೀವಿಯೊಳಗಿನ ಉದ್ದ ಮೂಗಿನ ಗಿಡ್ಡ ಟಣ್ ಟಣ್ ಎಂದು ನೆಗೆಯುತ್ತಾ ಬಾವಲಿಗಳನ್ನು ತಪ್ಪಿಸಿಕೊಂಡು ಒಂದು, ಎರಡು, ಐದು ಗುಹೆ ದಾಟಿದ. ಏಳನೆಯದರ ತೂಗುಸೇತುವೆಯ ಮೇಲೆ ಕಾಲಿಟ್ಟಿದ್ದ ಅಷ್ಟೆ.

"ಅಳಿಯಂದ್ರೇ," ಅಂದರು ಅತ್ತೆ, ಬಹಳ ಮೆಲ್ಲಗೆ. "ಒಂದು ಮಾತು ಆಡಬಹುದಾ?"

ಗಿಡ್ಡ ಕಂದಕಕ್ಕೆ ಬಿದ್ದ.

"ಏನು ಅತ್ತೆ?" ಸಾಹೇಬರು ಹಿಂದಕ್ಕೆ ತಿರುಗಿದರು.

"ಏನಿಲ್ಲಪ್ಪ. ಕೆಮ್ಮು ಬಂದ್ರೆ ಕೆಮ್ಮಬಹುದಾ ಅಂತ ಕೇಳೋಣ ಅಂತಿದ್ದೆ."

ಎರಡನೇ ಸಲ ಹತ್ತನೇ ಗುಹೆಯವರೆಗೆ ಹೋದರು. ಆಗ ನಾದಿನಿಯ ಫೋನು ಬಂತು. ಫೋನು ಬಂದದ್ದು ವಿಡಿಯೋ ತೆಗೆಯುತ್ತಿದ್ದ ಅದೇ ಮೊಬೈಲಿಗೆ. ರೆಕಾರ್ಡಿಂಗ್ ನಿಂತುಹೋಯಿತು. "ಭಾವ, ಏನ್ ಮಾಡ್ತಿದೀರಾ? ಸುಮ್ನೆ ಮಾಡ್ದೆ," ಅಂದಳು ನಾದಿನಿ. ಸುಮ್ನೆ ಅಂತೆ! ಈ ಲೋಕದಲ್ಲಿ ಜನ ಸುಮ್ಮನೆ ಫೋನು ಮಾಡುತ್ತಾರೆ, ಸುಮ್ಮನೆ ಬರುತ್ತಾರೆ, ಸುಮ್ಮನೆ ಕೇಳುತ್ತಾರೆ. ಸುಮ್ಮನಿರುವುದೊಂದನ್ನು ಬಿಟ್ಟು ಎಲ್ಲವನ್ನೂ ಸುಮ್ಮನೆ ಮಾಡುತ್ತಾರೆ.

ಮೂರನೇ ಸಲ ಮೊಬೈಲಿಗೆ ಯಾವ ಕರೆಯೂ ಬರದಂತೆ ಮಾಡಿ ಕೂತಾಗ ಮೂರೂವರೆ ಗಂಟೆ. ಈ ಸಲ ಒಳಗಿನವರು ಚಕಾರವೆತ್ತಲಿಲ್ಲ. ಎಡವಟ್ಟಾದದ್ದು ಹೊರಗಿನಿಂದ.

ಕೆಳಗಿನ ಮನೆಯ ಟೈಲರಮ್ಮನಿಗೆ ಮೇಲಿನ ಮನೆಯ ಸದ್ದೇ ಗಡಿಯಾರ. ಅತ್ತೆ ಗದರಿದರೆ ಹನ್ನೆರಡು, ಪಾತ್ರೆ ಬಿದ್ದರೆ ಎರಡು, ಮಿಕ್ಸಿ ಕೂಗಿದರೆ ನಾಲ್ಕು. ಆವತ್ತು ಹೊಲಿಯುತ್ತಾ ಹೊಲಿಯುತ್ತಾ ಆಕೆಗೆ ಏನೋ ಕೊರತೆ ಅನ್ನಿಸಿತು. ಮೆಷಿನ್ ನಿಲ್ಲಿಸಿ ಕಿವಿಗೊಟ್ಟಳು. ಮೇಲೆ ಫ್ಯಾನಿಲ್ಲ. ಮಾತಿಲ್ಲ. ಕೆಮ್ಮಿಲ್ಲ. ಕತ್ತರಿ ಹಿಡಿದುಕೊಂಡೇ ಮೆಟ್ಟಿಲು ಹತ್ತಿದಳು. ಬೆಲ್ ಒತ್ತಿದರೆ ಬೆಲ್ಲಿಲ್ಲ. ಬಾಗಿಲು ತಳ್ಳಿದಳು.

ಕತ್ತಲ ಕೋಣೆ. ಕಿಟಕಿಗೆ ಕಂಬಳಿ. ಸೋಫಾದ ಮೇಲೆ ಬಾಯಿಗೆ ಸೆರಗೊತ್ತಿಕೊಂಡ ಇಬ್ಬರು ಹೆಂಗಸರು. ನೆಲದ ಮೇಲೆ ತಲೆ ಬಗ್ಗಿಸಿ ಕೂತ ಸಾಹೇಬರು.

"ಅಯ್ಯೋ!" ಟೈಲರಮ್ಮ ಕಿರುಚಿದಳು. "ಯಾರು ಹೋದ್ರು?"

ಹೋದದ್ದು ಗಿಡ್ಡ. ಹನ್ನೊಂದನೇ ಗುಹೆಯಲ್ಲಿ.

ಆ ಕಿರುಚಾಟಕ್ಕೆ ಪಕ್ಕದ ಮನೆಯ ನಿವೃತ್ತ ಕಾಂಪೌಂಡರ್ ತಾತ ಬಿಪಿ ನೋಡುವ ಮೆಷಿನ್ ಸಮೇತ ಓಡಿಬಂದರು. ಸಾಹೇಬರ ಮುಖ ಕೆಂಪಾಗಿ ಕಣ್ಣು ಮೇಲೆ ಸಿಕ್ಕಿಕೊಂಡದ್ದು ನೋಡಿ, ಒಂದು ಮಾತೂ ಕೇಳದೆ ತೋಳಿಗೆ ಪಟ್ಟಿ ಸುತ್ತಿ ಪುಸ್ ಪುಸ್ ಎಂದು ಗಾಳಿ ಹೊಡೆಯತೊಡಗಿದರು.

"ಜಾಸ್ತಿ ಇದೆ," ಅಂದರು.

"ಇರದೆ ಇನ್ನೇನಾಗುತ್ತೆ!" ಸಾಹೇಬರು ತೋಳಿಗೆ ಪಟ್ಟಿ ನೇತಾಡುತ್ತಿರುವಂತೆಯೇ ಎದ್ದು ನಿಂತರು. "ಈ ಮನೇಲಿ ಇಪ್ಪತ್ತಮೂರು ನಿಮಿಷ ಸದ್ದಿಲ್ಲದೆ ಇರಬೇಕಾದ್ರೆ ಯಾರಾದ್ರೂ ಸಾಯಲೇಬೇಕಾ? ಸತ್ತರೂ ಇರಲ್ಲ ಅಂತ ಕಾಣುತ್ತೆ. ಇಪ್ಪತ್ತು ವರ್ಷ! ಇಪ್ಪತ್ತು ವರ್ಷ ಒಂದು ಸುಳ್ಳು ಮುದ್ರೆ ಒತ್ತಿಲ್ಲ ನಾನು. ಇವತ್ತು ಐದು ಗಂಟೆಗೆ ನನ್ನ ಹೆಸರು ಬುರುಡೆ ಪಟ್ಟೀಲಿ! ನಾಳೆ ಆ ಹದಿನೈದು ಗ್ರಾಂ ಕಳ್ಳ ನನ್ನ ಮುಖ ನೋಡಿ ನಗ್ತಾನೆ. ನಾನು ಕೇಳ್ತಿರೋದು ಏನು? ಚಿನ್ನವಾ? ಬೆಳ್ಳಿಯಾ? ಸುಮ್ಮನಿರಿ ಅಂತ. ಅಷ್ಟೇ. ಬಿಟ್ಟಿ ಸಿಗೋ ವಸ್ತು!"

ಹೆಂಡತಿ ಗಂಡನನ್ನೇ ನೋಡಿದಳು. ಆಕೆಯ ಮುಖದಲ್ಲಿ ಸ್ವಲ್ಪ ಮರುಕ ಕಂಡಿತು.

"ಇಷ್ಟು ದೊಡ್ಡ ವಿಷಯ ಅಂತ ನಂಗೇನ್ ಗೊತ್ತು?" ಅಂದಳು. "ಆಟ ಅಂದುಕೊಂಡಿದ್ದೆ. ಎಷ್ಟು ಗಂಟೆ ಈಗ?"

"ನಾಲ್ಕೂ ಐದು."

"ಆಗುತ್ತೆ ಕೂತ್ಕೊಳ್ಳಿ. ನಾವಿದೀವಿ."

ಆಮೇಲೆ ನಡೆದದ್ದು ಆ ಕಟ್ಟಡದ ಚರಿತ್ರೆಯಲ್ಲಿ ಹಿಂದೆಂದೂ ನಡೆದಿರಲಿಲ್ಲ. ಕಾಂಪೌಂಡರ್ ತಾತ ಇಳಿದುಹೋಗಿ ನೀರಿನ ಮೋಟರ್ ಆಫ್ ಮಾಡಿ ಬಂದರು. ಟೈಲರಮ್ಮ ತನ್ನ ಮೆಷಿನ್ನಿಗೆ ಬೀಗ ಹಾಕಿ, ಬೀದಿಯಲ್ಲಿ ಕೂಗುತ್ತಿದ್ದ ಪ್ಲಾಸ್ಟಿಕ್ ಸಾಮಾನಿನವನ ಗಾಡಿಯನ್ನು ಪಕ್ಕದ ಓಣಿಗೆ ಅಟ್ಟಿ ಬಂದಳು. ಅತ್ತೆ ಕೆಮ್ಮಿನ ಔಷಧಿ ಎರಡು ಚಮಚ ಹೆಚ್ಚಾಗಿಯೇ ಕುಡಿದು, ಬಳೆಗಳನ್ನು ಬಿಚ್ಚಿ ದಿಂಬಿನ ಕೆಳಗಿಟ್ಟರು. ನಾಲ್ವರೂ ಸೋಫಾದ ಮೇಲೆ ಫೋಟೋ ತೆಗೆಸಿಕೊಳ್ಳುವವರಂತೆ ಒತ್ತೊತ್ತಾಗಿ ಕೂತರು.

ಸಾಹೇಬರು ಗುಂಡಿ ಒತ್ತಿದರು.

ಮೊದಲ ಮೂರು ಗುಹೆಗಳವರೆಗೆ ಆಟದ ಸದ್ದೊಂದೇ ಇತ್ತು. ನಾಲ್ಕನೆಯದರಲ್ಲಿ ಅವರಿಗೆ ಇನ್ನೇನೋ ಕೇಳಿಸಿತು. ಅದು ಮೊಬೈಲಿಗೆ ಕೇಳುವಂಥದ್ದಲ್ಲ. ಹೆಂಡತಿಯ ಉಸಿರು. ಹದಿನಾಲ್ಕು ವರ್ಷ ಒಂದೇ ಮನೆಯಲ್ಲಿದ್ದರೂ ಹಗಲು ಹೊತ್ತಿನಲ್ಲಿ ಅದನ್ನು ಅವರು ಕೇಳಿರಲಿಲ್ಲ. ಸೇತುವೆ ಬಂದಾಗ ಆ ಉಸಿರು ನಿಲ್ಲುತ್ತಿತ್ತು. ಸೇತುವೆ ದಾಟಿದ ಮೇಲೆ ಹೊರಬೀಳುತ್ತಿತ್ತು. ಒಂಬತ್ತನೇ ಗುಹೆಯ ಹೊತ್ತಿಗೆ ನಾಲ್ಕು ಉಸಿರುಗಳೂ ಒಟ್ಟಿಗೆ ನಿಂತು ಒಟ್ಟಿಗೆ ಹೊರಬೀಳುತ್ತಿದ್ದವು. ತಮ್ಮ ಬೆನ್ನ ಹಿಂದೆ ಇಷ್ಟು ಜನ ತಮಗಾಗಿ ಏನನ್ನೂ ಮಾಡದೆ ಕೂತಿದ್ದಾರೆ ಅನ್ನುವುದು ಸಾಹೇಬರಿಗೆ ಆಗ ಹೊಳೆಯಿತು. ಬೆವರು ಹುಬ್ಬಿನಿಂದ ಇಳಿಯಿತು. ಒರೆಸಿಕೊಳ್ಳಲಿಲ್ಲ.

ಹನ್ನೆರಡನೇ ಗುಹೆ. ಗಿಡ್ಡ ನೆಗೆದ. ಕೊನೆಯ ಗಂಟೆ ಢಣ್ ಎಂದಿತು.

ಮೊಬೈಲ್ ನಿಲ್ಲಿಸುವವರೆಗೂ ಯಾರೂ ಉಸಿರೆತ್ತಲಿಲ್ಲ. ನಿಲ್ಲಿಸಿದ್ದೇ ತಡ, ಟೈಲರಮ್ಮ ಅತ್ತುಬಿಟ್ಟಳು. ಕಾಂಪೌಂಡರ್ ತಾತ ಸಾಹೇಬರ ಬೆನ್ನಿಗೆ ಗುದ್ದಿದರು. ವಿಡಿಯೋ ಹೋಗಲಿಕ್ಕೆ ಹೊತ್ತು ಹಿಡಿಯಿತು. ಹೋಯಿತು. ನಾಲ್ಕೂ ಐವತ್ತೆರಡು.

ಐದು ಗಂಟೆಗೆ ಸರಿಯಾಗಿ 'ಟಿಣ್'.

"ಓದಿ, ಜೋರಾಗಿ ಓದಿ," ಅಂದರು ಅತ್ತೆ.

ಸಾಹೇಬರು ಗಂಟಲು ಸರಿಪಡಿಸಿಕೊಂಡು ಓದಿದರು. "ವಿಡಿಯೋ ನೋಡಿದೆವು. ಆಟ ಸೊಗಸಾಗಿದೆ. ಒಂದೇ ಜೀವ. ಇಪ್ಪತ್ತಮೂರು ನಿಮಿಷ."

"ಆಹಾ!" ಅಂದಳು ಟೈಲರಮ್ಮ.

"'ಆದರೆ ಇದರಲ್ಲಿ ಮನೆಯ ಸದ್ದು ಒಂದಾದರೂ ಇಲ್ಲ. ನೀವು ಸಂಸಾರಸ್ಥರೆಂದು ಮೊದಲ ವಿಡಿಯೋದಿಂದಲೇ ತಿಳಿದಿದೆ. ನಮಗೂ ಮನೆಯಿದೆ. ನಮಗೂ ಅತ್ತೆಯಿದ್ದಾರೆ. ಇಪ್ಪತ್ತಮೂರು ನಿಮಿಷ ಯಾರೂ ಚಹಾ ಬೇಕಾ ಎಂದು ಕೇಳದ, ಯಾರೂ ಕೆಮ್ಮದ ಮನೆ ಈ ಭೂಮಿಯ ಮೇಲಿಲ್ಲ. ಆದ್ದರಿಂದ ಸದ್ದನ್ನು ಬೇರೆ ಕಡೆಯಿಂದ ತಂದು ಅಂಟಿಸಲಾಗಿದೆ. ಸದ್ದು ಅಂಟಿಸಿದವರು ಚಿತ್ರ ಅಂಟಿಸಿರಲಾರರೇ? ಬುರುಡೆ ಪಟ್ಟಿಗೆ ಸೇರಿಸಲಾಗಿದೆ.'"

ಸಾಹೇಬರ ಕೈಯಿಂದ ಮೊಬೈಲ್ ಜಾರಿತು. ಬೀಳುವ ಮೊದಲೇ ಅತ್ತೆ ಹಿಡಿದರು.

"ಏನಂದ? ಭೂಮಿ ಮೇಲಿಲ್ವಾ? ಮತ್ತೆ ನಾವೆಲ್ಲಿ ಕೂತಿದ್ವಿ, ಆಕಾಶದಲ್ಲಾ? ಎಲ್ಲಿ ಒತ್ತಬೇಕು ಹೇಳೇ, ಮಾತಾಡಿ ಕಳಿಸ್ತೀನಿ ಅವನಿಗೆ!"

"ಕಳಿಸಮ್ಮ," ಅಂದಳು ಹೆಂಡತಿ, ಮೈಕಿನ ಗುಂಡಿ ಒತ್ತಿ ಹಿಡಿದು. "ನಾನೂ ಹೇಳ್ತೀನಿ. ನಮ್ಮ ಮನೆಯವರು ಸುಳ್ಳಾ?"

"ನಾವೆಲ್ಲ ಸಾಕ್ಷಿ!" ಅಂದರು ಕಾಂಪೌಂಡರ್ ತಾತ, ಕೋರ್ಟಿನಲ್ಲಿ ನಿಂತವರಂತೆ ಎದೆಯುಬ್ಬಿಸಿ. "ಮೋಟರ್ ಆಫ್ ಮಾಡಿದ್ದು ಸ್ವತಃ ನಾನು!"

"ನನ್ನ ಮೆಷಿನ್ನಿಗೆ ಬೀಗ ಹಾಕಿದೀನಿ ಕಣಯ್ಯ, ನಾಳೆ ಕೊಡಬೇಕಾದ ನಾಲ್ಕು ರವಿಕೆ ಹಾಗೇ ಬಿದ್ದಿವೆ!" ಅಂದಳು ಟೈಲರಮ್ಮ.

ಅತ್ತೆ ತಮ್ಮ ಕೆಮ್ಮಿನ ಹುಟ್ಟು, ಬೆಳವಣಿಗೆ ಮತ್ತು ಇಂದಿನ ಸ್ಥಿತಿಯನ್ನು ವಿವರಿಸಿದರು. ಒಬ್ಬರ ಮಾತಿನ ಮೇಲೆ ಒಬ್ಬರು ಬಿದ್ದರು. ಇಪ್ಪತ್ತಮೂರು ನಿಮಿಷ ಕಟ್ಟಿಟ್ಟ ಮಾತೆಲ್ಲ ಅಣೆಕಟ್ಟಿನ ಬಾಗಿಲು ತೆಗೆದಂತೆ ನುಗ್ಗಿತು. ಬೇಡ, ಬೇಡ ಅಂತ ಸಾಹೇಬರು ಕೈಯಾಡಿಸಿದ್ದು ಯಾರಿಗೂ ಕಾಣಲಿಲ್ಲ. ಒಂಬತ್ತು ನಿಮಿಷದ ಧ್ವನಿ ಸಂದೇಶ ಹೊರಟುಹೋಯಿತು.

ಐವರೂ ಮೊಬೈಲಿನ ಸುತ್ತ ತಲೆಗೆ ತಲೆ ತಾಗಿಸಿ ಕೂತರು. ಉತ್ತರ ಬಂತು. ಈ ಸಲ ಓದಿದವಳು ಹೆಂಡತಿ.

"ಸಾಕ್ಷಿಗಳ ದನಿ ಕೇಳಿದೆವು, ಪೂರ್ತಿ ಒಂಬತ್ತು ನಿಮಿಷ. ಇವರು ಇಪ್ಪತ್ತಮೂರು ನಿಮಿಷ ಬಾಯಿ ಮುಚ್ಚಿಕೊಂಡಿದ್ದರು ಎಂಬುದು ಮೊದಲನೆಯದಕ್ಕಿಂತ ದೊಡ್ಡ ಬುರುಡೆ. ಪಟ್ಟಿಯನ್ನು ಹೀಗೆ ತಿದ್ದಲಾಗಿದೆ: ತಕ್ಕಡಿ, ಸಪರಿವಾರ."

ಕೆಳಗೆ ದಿನಸಿಯವನ ಹಳದಿ ಮುಖಗಳು. ಈ ಸಲ ಐದು, ತಲೆಗೊಂದರಂತೆ.

ಅತ್ತೆ ಬಾಯಿ ತೆರೆದರು. ಮುಚ್ಚಿದರು. ಕಾಂಪೌಂಡರ್ ತಾತ ಬಿಪಿ ಮೆಷಿನ್ನನ್ನು ತಮ್ಮ ತೋಳಿಗೇ ಸುತ್ತಿಕೊಂಡರು. ಯಾರೂ ಯಾರಿಗೂ ಸುಮ್ಮನಿರಿ ಅಂತ ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಆ ಮನೆಯಲ್ಲಿ ಒಂದೇ ಒಂದು ಸದ್ದಿಲ್ಲದೆ ಅರ್ಧ ಗಂಟೆ ಕಳೆಯಿತು.

ಅದನ್ನು ಯಾರೂ ರೆಕಾರ್ಡ್ ಮಾಡಲಿಲ್ಲ.