ನೀಲಿ ಪುಟದ ಕಪ್ಪು ಚುಕ್ಕೆ

ಆ ಚುಕ್ಕೆ ಮೊದಲು ಬಿದ್ದದ್ದು ದನಿಯಕ್ಕನ ಕಣ್ಣಿಗೆ. ಪಾಠಗಳಿಗೆ ದನಿ ಕೊಡುವುದು ಅವಳ ಕೆಲಸ. ಪಕ್ಕದವರ ಪರದೆಗೆ ಕಣ್ಣು ಕೊಡುವುದು ಅವಳ ಅಭ್ಯಾಸ.

"ಏನೋ ಸ್ಲೈಡಪ್ಪ, ಮೂಲೇಲಿ ನೊಣ ಕೂತಿದೆಯಾ?"

ಸ್ಲೈಡಪ್ಪ ಎಂಬುದು ಕಚೇರಿ ಇಟ್ಟ ಹೆಸರು. ಕಂಪನಿಗಳಿಗೆ ಕಂಪ್ಯೂಟರ್ ಪಾಠ ಮಾಡಿಕೊಡುವ ಆ ಪುಟ್ಟ ಕಚೇರಿಯಲ್ಲಿ ಪುಟ ಜೋಡಿಸುವವನು ಅವನೊಬ್ಬನೇ. ಅಂದು ನಾಲ್ಕು ಗಂಟೆಗೆ ಬಿಸ್ಕತ್ ಕಾರ್ಖಾನೆಯ ಮ್ಯಾನೇಜರ್ ಬಂದು ಬೆಂಕಿ ಸುರಕ್ಷತೆಯ ಪಾಠ ನೋಡುವವರಿದ್ದರು. "ಅವರು ಒಪ್ಪಿದ್ರೆ ಇನ್ನೂ ಹತ್ತು ಪಾಠ ನಮಗೇ. ಒಪ್ಪದಿದ್ರೆ ನೀನು ಬೇರೆ ಕುರ್ಚಿ ನೋಡ್ಕೋ," ಎಂದು ಯಜಮಾನರು ಬೆಳಗ್ಗೆಯೇ ಹರಸಿದ್ದರು.

ಸ್ಲೈಡಪ್ಪ ಅಂಗಿಯ ತುದಿಯಿಂದ ಪರದೆ ಒರೆಸಿದ. ನೊಣ ಹಾರಲಿಲ್ಲ. ಮುಂದಿನ ಪುಟಕ್ಕೆ ಹೋದ. ಅಲ್ಲೂ ಅದೇ ಮೂಲೆಯಲ್ಲಿ ಅದೇ ನೊಣ. ನೂರ ನಲವತ್ತು ಪುಟಗಳಲ್ಲೂ ಇತ್ತು. ಅಳಿಸೋಣವೆಂದರೆ ಬಕೆಟ್ಟಿಗೆ ಬಿದ್ದ ಸಾಬೂನಿನಂತೆ ಹಿಡಿತಕ್ಕೇ ಸಿಗದು.

ತಪ್ಪು ಹುಡುಕುವುದಕ್ಕೇ ಸಂಬಳ ಪಡೆಯುವ ಹಿರಿಯರೊಬ್ಬರಿದ್ದರು, ಎಲ್ಲರಿಗೂ ಭೂತಗನ್ನಡಿ ಮಾವ. ಅವರು ಹಿಂದೆ ಬಂದು ನಿಂತರು.

"ಇಷ್ಟಕ್ಕೆಲ್ಲ ತಲೆ ಕೆಡಿಸ್ಕೋತಾರೇನಯ್ಯ? ಮೇಲೊಂದು ಬಿಳಿ ಚೌಕ ಅಂಟಿಸು, ಆಯ್ತು."

ಅಂಟಿಸಿದ. ಅರವತ್ತನೆಯ ಪುಟಕ್ಕೆ ಬರುವಾಗ ಮಧ್ಯಾಹ್ನ ಒಂದೂವರೆ. ಹಿಂದೆ ಸರಿದು ನೋಡಿದರೆ, ತಿಳಿನೀಲಿ ಪುಟಗಳೆಲ್ಲ ಬಿದ್ದು ಪಟ್ಟಿ ಕಟ್ಟಿಸಿಕೊಂಡ ಮೊಣಕಾಲುಗಳಂತೆ ಕಾಣುತ್ತಿದ್ದವು.

"ಮಾವ, ಇದು ನೊಣಕ್ಕಿಂತ ಅಸಹ್ಯ!"

"ಹೌದಲ್ಲೋ! ತಪ್ಪು ಅಂತ ಬರ್ಕೊಳ್ಲಾ?"

ತಲೆ ಕೆಟ್ಟು ಹೆಂಡತಿಗೆ ಫೋನ್ ಮಾಡಿದ. ಅವಳು ದರ್ಜಿ. ಹೊಲಿಗೆ ಯಂತ್ರದ ಸದ್ದು ನಿಲ್ಲಿಸದೆಯೇ ಎಲ್ಲ ಕೇಳಿಸಿಕೊಂಡಳು.

"ರೀ, ಹತ್ತು ಅಂಗಿಗೂ ತೋಳು ಒಂದೇ ಕಡೆ ಸೊಟ್ಟ ಬಂದ್ರೆ ನಾನು ಅಂಗಿ ಬಿಚ್ತಾ ಕೂರ್ತೀನಾ? ಅಳತೆಗೆ ಅಂತ ಕತ್ತರಿಸಿಟ್ಟ ಕಾಗದಾನೇ ನೋಡ್ತೀನಿ."

ಸ್ಲೈಡಪ್ಪ ಹಣೆ ಚಚ್ಚಿಕೊಂಡ. ಮಾಸ್ಟರ್! ಎಲ್ಲ ಪುಟಗಳಿಗೂ ತಾಯಿಯಾದ ಅಚ್ಚು. ಅದರಲ್ಲೊಂದು ಗೆರೆ ಎಳೆದರೆ ಎಲ್ಲದರಲ್ಲೂ ಗೆರೆ. ಅದನ್ನು ಮಾಡಿದವನು ತಾನೇ. ತಾನು ಮಾಡಿದ ಅಚ್ಚಿನಲ್ಲೇ ತಪ್ಪಿದೆ ಎಂದು ಯಾರಿಗೆ ತಾನೇ ಹೊಳೆದೀತು?

ಮಾಸ್ಟರ್ ತೆರೆದು ಚುಕ್ಕೆಯನ್ನು ಹಿಗ್ಗಿಸಿದ. ನೊಣ ಇರುವೆಸಾಲಾಯಿತು. ಇನ್ನೂ ಹಿಗ್ಗಿಸಿದ. ಇರುವೆಸಾಲು ಅಕ್ಷರಗಳಾಯಿತು: 'ಏಳನೇ ಸಲ ನೀಲಿ ಬದಲು! ಈ ಮ್ಯಾನೇಜರಿಗೆ ಕಣ್ಣೂ ಇಲ್ಲ, ತಲೆಯೂ ಇಲ್ಲ.'

ಅವನ ಬೆನ್ನ ಮೇಲೆ ಬೆವರಿಳಿಯಿತು. ಮೂರು ತಿಂಗಳ ಹಿಂದೆ, ಇದೇ ಮ್ಯಾನೇಜರ್ ಮತ್ತೆ ಬಣ್ಣ ಬದಲಿಸಿ ಎಂದಾಗ, ಸಿಟ್ಟಿನಲ್ಲಿ ತಾನೇ ಬರೆದು, ಆಮೇಲೆ ಅಳಿಸೋಣವೆಂದು ಅಕ್ಷರಗಳನ್ನು ಸಾಸಿವೆಗಿಂತ ಸಣ್ಣದು ಮಾಡಿದ್ದ. ಆ 'ಆಮೇಲೆ' ಇವತ್ತು ಬಂದಿತ್ತು. ಒಂದೇ ಏಟಿಗೆ ಅಳಿಸಿದ. ನೂರ ನಲವತ್ತು ನೊಣಗಳೂ ಒಟ್ಟಿಗೆ ಹಾರಿದವು. ಅಂಟಿಸಿದ್ದ ಅರವತ್ತು ಬಿಳಿ ಚೌಕಗಳನ್ನೂ ಕಿತ್ತುಹಾಕಿದ.

"ಏನಿತ್ತೋ ಅದು?" ದನಿಯಕ್ಕ ಕತ್ತು ಉದ್ದ ಮಾಡಿದಳು.

"ಧೂಳು ಅಕ್ಕಾ, ಬರೀ ಧೂಳು."

"ಧೂಳಿಗೆ ಇಷ್ಟು ಬೆವರ್ತಾರೇನೋ?"

ನಾಲ್ಕಕ್ಕೆ ಮ್ಯಾನೇಜರ್ ಬಂದರು, ನೋಡಿದರು, ಒಪ್ಪಿದರು. ಯಜಮಾನರ ಮುಖ ಊದಿದ ಪೂರಿಯಂತಾಯಿತು. ಸ್ಲೈಡಪ್ಪ ಬೆಳಗಿನಿಂದ ಮೊದಲ ಸಲ ಕುರ್ಚಿಗೆ ಬೆನ್ನು ಕೊಟ್ಟ.

"ನಿನ್ನೆ ಮಾದರಿಗೆ ಅಂತ ಕಳಿಸಿದ್ರಲ್ಲ," ಎಂದರು ಮ್ಯಾನೇಜರ್, "ಅದರ ಮೊದಲ ಪುಟ ಎಷ್ಟು ಹಿಡಿಸ್ತು ಅಂದ್ರೆ, ಬ್ಯಾನರ್ ಮಾಡ್ಸಿ ಕಾರ್ಖಾನೆ ಗೇಟಿಗೆ ಕಟ್ಟಿಸಿಬಿಟ್ಟೆ. ಎರಡಂತಸ್ತಿನ ಎತ್ತರ!"

ಸ್ಲೈಡಪ್ಪನ ಬೆನ್ನು ಕುರ್ಚಿಯಿಂದ ತಾನಾಗಿ ಎದ್ದಿತು. ಅಷ್ಟರಲ್ಲಿ ಮ್ಯಾನೇಜರ್ ಫೋನ್ ರಿಂಗಾಯಿತು. ಅವರು ಕಿವಿಗಿಟ್ಟು ಕೇಳಿ, ಪರದೆಯನ್ನು ಎಲ್ಲರತ್ತ ತಿರುಗಿಸಿದರು.

"ನೋಡಿ, ವಾಚ್‌ಮನ್ ಫೋಟೋ ಕಳಿಸಿದಾನೆ. ಮೂಲೇಲಿ ಏನೋ ಬರೆದಿದೆಯಂತೆ, ಎಲ್ರೂ ನಿಂತು ಓದಿ ನಗ್ತಿದಾರಂತೆ. ನಾನು ಯಾವತ್ತಿನ ಹಾಗೆ ಕನ್ನಡಕ ಮರೆತು ಬಂದಿದೀನಿ. ಯಾರಾದ್ರೂ ಸ್ವಲ್ಪ ಓದಿ ಹೇಳ್ತೀರಾ?"

ಸ್ಲೈಡಪ್ಪ ಕೈ ಚಾಚಿ ಹಾರಿದ. ಆದರೆ ಓದುವುದು ಯಾರ ಕೆಲಸವೋ ಅವರ ಕೈ ಮೊದಲೇ ತಲುಪಿತ್ತು. ದನಿಯಕ್ಕ ಫೋನ್ ಹಿಡಿದು, ಗಂಟಲು ಸರಿಮಾಡಿಕೊಂಡು, ನೂರ ನಲವತ್ತು ಪುಟ ಓದಿದ ಅದೇ ಸ್ಪಷ್ಟ, ಮಧುರ ಕಂಠದಲ್ಲಿ ಶುರು ಮಾಡಿದಳು:

"ಏಳನೇ ಸಲ..."