ಕೆಂಪು ಕಾರಿನ ಚಾವಿ ಮರಳಿ ಕೊಡಿಸುವ ಬಗ್ಗೆ

ಇಂದ,
ಶಿವಾನಂದ ಬೀರಣ್ಣ ನಾಯಕ, ವಯಸ್ಸು ಅರವತ್ತಮೂರು,
ಸರಕಾರಿ ಬಸ್ಸಿನ ನಿವೃತ್ತ ಚಾಲಕರು,
ಭಾವಿಕೇರಿ, ತಾಲೂಕು ಅಂಕೋಲಾ.
(ಅರ್ಜಿದಾರರು ಹೇಳಿದಂತೆ ಬರೆದವರು: ನೆರೆಮನೆಯ ಕೇಶವ, ತಾಲೂಕು ಕಚೇರಿಯ ನಿವೃತ್ತ ಗುಮಾಸ್ತರು. ಅರ್ಜಿದಾರರು ಬಾಯಿಬಿಟ್ಟು ಹೇಳದೇ ಇದ್ದದ್ದನ್ನೂ ಅಲ್ಲಲ್ಲಿ ಬರೆಯಲಾಗಿದೆ.)

ಗೆ,
ಕುಮಾರಿ ಅಮಿತಾ ಶಿವಾನಂದ ನಾಯಕ,
ಕಾರವಾರದ ಐ.ಟಿ.ಐ.ನಲ್ಲಿ ಮೋಟಾರು ಮೆಕ್ಯಾನಿಕ್ ಕಲಿಸುವವರು ಹಾಗೂ ಸದರಿ ಅರ್ಜಿದಾರರ ಏಕೈಕ ಮಗಳು,
ಅದೇ ಮನೆ, ಬಲಗಡೆಯ ಕೋಣೆ.

ವಿಷಯ: ಮನೆಯಂಗಳದಲ್ಲಿ ದೊಡ್ಡ ಇಂಜಿನ್ ಕೂರಿಸಲಾದ ಎರಡು ಸೀಟಿನ ಕಾರಿನ ಚಾವಿಯನ್ನು ಅರ್ಜಿದಾರರಿಗೆ ಮರಳಿ ಕೊಡುವ ಕುರಿತು.

ಉಲ್ಲೇಖ: ೧) ಕಳೆದ ರವಿವಾರ ಊಟಕ್ಕೆ ಕೂತಾಗ ತಾವು ನೀಡಿದ ಮೌಖಿಕ ಆದೇಶ: “ಎಂತ ಇದ್ರೂ ಬರ್ದು ಕೊಡು ಅಪ್ಪಾ, ನೋಡ್ತೆ.”
೨) ಅದೇ ಊಟದಲ್ಲಿ ತಮ್ಮ ತಾಯಿ ಸುಗಂಧಾ ಅವರು ಪಾಲಿಸಿದ ಮೌನ.

ಮಾನ್ಯರೇ,

ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ ಈ ಕೆಳಗಿನ ಸಂಗತಿಗಳನ್ನು ತಮ್ಮ ಅವಗಾಹನೆಗೆ ತರಲಾಗಿದೆ.

೧. ಅರ್ಜಿದಾರರು ಮೂವತ್ತಾರು ವರ್ಷ ಬಸ್ಸು ಓಡಿಸಿದವರು. ಅಷ್ಟೂ ವರ್ಷ ಅವರನ್ನು ಹಿಂದೆ ಹಾಕಿ ಹೋಗದ ವಾಹನ ಈ ಜಿಲ್ಲೆಯಲ್ಲಿ ಇಲ್ಲ. ಮೀನಿನ ಟೆಂಪೋ ಹೋಗಿದೆ, ಮದುವೆ ದಿಬ್ಬಣದ ವ್ಯಾನು ಹೋಗಿದೆ, ಒಮ್ಮೆ ಬಿಣಗಾದ ಏರಿನಲ್ಲಿ ರಸ್ತೆ ಡಾಂಬರಿನ ರೋಲರು ಕೂಡ ಹೋಗಿದೆ. ಅಂದು ಬಸ್ಸು ಕೆಟ್ಟು ನಿಂತಿತ್ತು ಎಂಬುದನ್ನು ಗಮನಿಸುವುದು. ನಿವೃತ್ತಿಯ ನಂತರ ಎರಡು ವರ್ಷ ಅವರು ಜಗಲಿಯ ಕುರ್ಚಿಯಲ್ಲಿ ಕೂತು ರಸ್ತೆಯ ಬಸ್ಸುಗಳ ವೇಳೆ ನೋಡಿದರು. “ಏಳೂ ನಲವತ್ತರದ್ದು ಇವತ್ತು ಆರು ಮಿನಿಟು ತಡ” ಎಂಬುದೇ ದಿನದ ದೊಡ್ಡ ಮಾತು. ಕೆಲವು ದಿನ ಅದೂ ಇರುತ್ತಿರಲಿಲ್ಲ.

೨. ಹೀಗಿರಲು, ಕಳೆದ ದೀಪಾವಳಿಯ ಮರುವಾರ ತಾವು ಸದಾಶಿವಗಡದಿಂದ ಟೆಂಪೋದಲ್ಲಿ ಹೇರಿಕೊಂಡು ಒಂದು ಕಾರು ತಂದಿರಿ. ಅದು ಗೋವಾ ಕಡೆ ಹಿಂದೊಮ್ಮೆ ಯಾರೋ ಶೋಕಿಗೆ ಕೊಂಡದ್ದು. ಕೆಂಪು ಫೈಬರ್ ಮೈ, ಎರಡೇ ಸೀಟು, ಮೇಲೆ ಮಾಡು ಇಲ್ಲ. ಸೀಟಿನ ಕೆಳಗೆ ಮೂರು ಕೋಳಿಮೊಟ್ಟೆ ಸಿಕ್ಕವು. ತಮ್ಮ ತಾಯಿಯವರು ಸುತ್ತ ಒಂದು ಪ್ರದಕ್ಷಿಣೆ ಬಂದು, “ಮಳೆ ಬಂದ್ರೆ ಎಂತ ಮಾಡೂದೆ?” ಎಂದು ಕೇಳಿದರು.

“ಜೋರು ಓಡ್ಸೂದು ಆಯಿ,” ಎಂದಿರಿ ತಾವು.

ನಂತರ ಬಾನೆಟ್ ಎತ್ತಿ, ಒಳಗೆ ಇಣುಕಿ, “ಇಂಜಿನ್ ಮುಗ್ದು ಹೋಗದೆ ಅಪ್ಪಾ. ಇದ್ನ ತೆಗ್ದು ದೊಡ್ಡದು ಹಾಕ್ವ” ಎಂದಿರಿ. ಅರ್ಜಿದಾರರೂ ಇಣುಕಿ, “ಹಾಕ್ವ” ಎಂದರು. ಎರಡು ವರ್ಷಗಳಲ್ಲಿ ಅವರು ಯಾವುದಕ್ಕೂ ಇಷ್ಟು ಬೇಗ ಒಪ್ಪಿರಲಿಲ್ಲ.

೩. ಹಿಂಬದಿ ಜಜ್ಜಿಹೋಗಿದ್ದ ಒಂದು ದೊಡ್ಡ ಕಾರಿನಿಂದ ಹದಿನಾರು ನೂರು ಸಿಸಿಯ ಇಂಜಿನ್ ಬಂತು. ಅದನ್ನು ಅಂಗಳದ ಹಲಸಿನ ಕೊಂಬೆಗೆ ಚೈನಿನ ರಾಟೆ ಕಟ್ಟಿ ತೂಗುಹಾಕಲಾಯಿತು. ಇಳಿಸಲು ನೋಡಿದರೆ ಕಾರಿನ ಬಾನೆಟ್ಟಿನಡಿ ಜಾಗ ಸಾಲದು. ಕಾರಣ ಇಂಜಿನ್ ನಾಲ್ಕು ದಿನ ಮರದಲ್ಲೇ ಉಳಿಯಿತು. ತರಕಾರಿ ಮಾರಲು ಬಂದ ಸುಕ್ರಿ ಬುಟ್ಟಿ ಇಳಿಸಿ, ತಲೆಯೆತ್ತಿ ನೋಡಿ, “ಒಡೆಯಾ, ಇದು ಹಣ್ಣಾಗೂಕೆ ಇನ್ನೂ ಎಷ್ಟು ದಿನ?” ಎಂದು ಕೇಳಿದಳು. “ಶಿವರಾತ್ರಿ ಆಗ್ತದೆ,” ಎಂದರು ಅರ್ಜಿದಾರರು, ಕೊಂಬೆಯ ಮೇಲೆ ಕಣ್ಣಿಟ್ಟುಕೊಂಡೇ. ವಾಸ್ತವದಲ್ಲಿ ಯುಗಾದಿಯಾಯಿತು.

೪. ದಿನಾ ಸಂಜೆ ತಾವು ಬಸ್ಸಿಳಿದು ಬರುವಷ್ಟರಲ್ಲಿ ಅರ್ಜಿದಾರರು ನಟ್ಟು ಬಿಚ್ಚುವ ಪಾನಾಗಳನ್ನು ಅಳತೆಯ ಪ್ರಕಾರ ಗೋಣಿಯ ಮೇಲೆ ಜೋಡಿಸಿ ಕಾಯುತ್ತಿದ್ದರು. ಅಂಕೋಲೆಯಲ್ಲಿ ಕಿಟಕಿಯ ಸರಳು ಬೆಸೆಯುವ ನಾಗ ಬಂದು ಇಂಜಿನ್ ಕೂರುವ ಕಬ್ಬಿಣದ ಹಿಡಿಗಳನ್ನು ಬೆಸೆದುಕೊಟ್ಟ. ಎರಡು ಸಲ ತಪ್ಪಿ, ಮೂರನೆಯ ಸಲ ಕೂತಿತು. ಇಂಜಿನ್ ಕೂತ ಕೂಡಲೇ ಕಾರಿನ ಮೂತಿ ನೆಲ ಮೂಸಿತು. ಮುಂದಿನ ಸ್ಪ್ರಿಂಗುಗಳನ್ನು ಬದಲಿಸಬೇಕಾಯಿತು. ತಾವು ವೈರುಗಳನ್ನು ಜಗಲಿಯ ಉದ್ದಕ್ಕೂ ಹರಡಿ ಹನ್ನೊಂದು ದಿನ ಕೂತಿದ್ದರಿಂದ, ತಮ್ಮ ತಾಯಿಯವರು ಸೀರೆ ಎತ್ತಿ ಹಿಡಿದು ಹಳ್ಳ ದಾಟುವವರಂತೆ ಅಡುಗೆಮನೆಗೆ ಹೋಗಿಬರುತ್ತಿದ್ದರು.

ಬಾನೆಟ್ ಮುಚ್ಚಲು ನಾಲ್ಕು ಬೆರಳು ಕಡಿಮೆಯಾಯಿತು. ಅದನ್ನು ಕೊರೆದು, ಮೇಲೊಂದು ಉಬ್ಬಿದ ಫೈಬರ್ ಮುಚ್ಚಳ ಎರಕ ಹೊಯ್ಯಲು, ಬಂಗಡೆ ಸಾರು ಮಾಡುವ ಪಾತ್ರೆಯನ್ನು ಅಚ್ಚಾಗಿ ಬಳಸಲಾಯಿತು. ಪಾತ್ರೆ ಬಿಟ್ಟು ಬರಲಿಲ್ಲ. ಸುತ್ತಿಗೆಯಿಂದ ಬಿಡಿಸಿದ ಮೇಲೆ ಅದರಲ್ಲಿ ಸಾರು ಒಂದೇ ಕಡೆ ನಿಲ್ಲುತ್ತದೆ. ಉಲ್ಲೇಖ ೨ರ ಮೌನಕ್ಕೆ ಇದೂ ಒಂದು ಕಾರಣವಿರಬಹುದು.

೫. ಯುಗಾದಿಯ ಹಿಂದಿನ ರವಿವಾರ ಮಧ್ಯಾಹ್ನ ಇಂಜಿನ್ ಮೊದಲ ಸಲ ಶುರುವಾಯಿತು. ಕೊಟ್ಟಿಗೆಯ ದನ ಹಗ್ಗ ಕಿತ್ತುಕೊಂಡು ಗದ್ದೆಗೆ ಹೋಯಿತು. ಹಲಸಿನ ಮರದ ಕಾಗೆಗಳೆಲ್ಲ ಒಮ್ಮೆಗೇ ಎದ್ದವು. ನಾಗ ಕೈಯಲ್ಲಿದ್ದ ಚಹಾವನ್ನು ತನ್ನ ಮೇಲೇ ಚೆಲ್ಲಿಕೊಂಡು ನಗತೊಡಗಿದ. ತಾವು ಗ್ರೀಸು ಮೆತ್ತಿದ ಕೈಯಿಂದಲೇ ಅರ್ಜಿದಾರರ ಎರಡೂ ಕೆನ್ನೆ ಹಿಡಿದಿರಿ. ಕೆನ್ನೆಗಳ ಕಪ್ಪನ್ನು ಅವರು ಮರುದಿನದವರೆಗೂ ತೊಳೆಯಲಿಲ್ಲ.

ಅಂದೇ ತಾವು ವಿಧಿಸಿದ ಷರತ್ತು: ಆರ್.ಟಿ.ಓ. ತಪಾಸಣೆ ಆಗಿ ಹೊಸ ಇಂಜಿನ್ ಕಾರಿನ ನೋಂದಣಿ ಪುಸ್ತಕದಲ್ಲಿ ನಮೂದಾಗುವ ತನಕ ಕಾರು ಗೇಟು ದಾಟಕೂಡದು. ಅರ್ಜಿದಾರರು ತಲೆಯಾಡಿಸಿದ್ದರು.

೬. ಅಪರಾಧದ ವಿವರ: ನಂತರದ ಬುಧವಾರ ಬೆಳಿಗ್ಗೆ ತಾವು ಕೆಲಸಕ್ಕೆ ಹೊರಟ ಮೇಲೆ, ಬಿಸಿಲು ಬೀಳುತ್ತಿದೆಯೆಂದು ಅರ್ಜಿದಾರರು ಕಾರನ್ನು ನೆರಳಿಗೆ ಸರಿಸಲು ಹೋದರು. ನೆರಳು ಗೇಟಿನ ಹೊರಗಿತ್ತು. ಅಲ್ಲಿಂದ ಮುಂದಿನ ನೆರಳು ಹೆದ್ದಾರಿಯಲ್ಲಿತ್ತು.

ಹೆದ್ದಾರಿಯಲ್ಲಿ ಮುಂದೆ ಕಾರವಾರದ ಬಸ್ಸು ಹೋಗುತ್ತಿತ್ತು. ಓಡಿಸುತ್ತಿದ್ದವನು ರಾಜೀವ, ಅರ್ಜಿದಾರರ ಪಕ್ಕದಲ್ಲಿ ಕೂತು ಘಟ್ಟದ ರಸ್ತೆ ಕಲಿತವನು. ಅರ್ಜಿದಾರರು ಕನ್ನಡಿ ನೋಡಿದರು, ಸನ್ನೆದೀಪ ಹಾಕಿದರು, ಹಾರ್ನ್ ಮಾಡಿದರು, ಎಲ್ಲವೂ ಕಾಯ್ದೆಯಂತೆ. ಆಮೇಲೆ ಬಲಗಾಲನ್ನು ಒತ್ತಿದರು. ಮೂವತ್ತಾರು ವರ್ಷದಲ್ಲಿ ಆ ಕಾಲು ಒತ್ತಿದ್ದಕ್ಕೆ ಯಾವ ವಾಹನವೂ ಹೀಗೆ ಹಾರಿರಲಿಲ್ಲ. ಬಸ್ಸಿನ ಹಿಂಗಾಲಿ, ಕಿಟಕಿಗಳ ಸಾಲು, ಮುಂಗಾಲಿ, ರಾಜೀವನ ತೆರೆದ ಬಾಯಿ, ಎಲ್ಲವೂ ಎಡಗಡೆಯಿಂದ ಹಿಂದಕ್ಕೆ ಸರಿದವು. ಅರ್ಜಿದಾರರ ಟೋಪಿ ಹಾರಿ ಯಾರದೋ ಶೇಂಗಾ ಗದ್ದೆಗೆ ಬಿತ್ತು. ಅವರು ಹಾಡುತ್ತಿದ್ದರು ಎಂದು ಬಸ್ಸಿನವರು ಹೇಳುತ್ತಾರೆ. ಅರ್ಜಿದಾರರು ಇದನ್ನು ಒಪ್ಪುವುದೂ ಇಲ್ಲ, ಅಲ್ಲಗಳೆಯುವುದೂ ಇಲ್ಲ.

೭. ಹಟ್ಟಿಕೇರಿಯ ಟೋಲ್ ನಾಕೆಯಲ್ಲಿ, ಕಾರಿನ ಗಾಜಿಗೆ ಟೋಲಿನ ಚೀಟಿ ಅಂಟಿಸಿಲ್ಲದ ಕಾರಣ, ಕಂಬ ಮೇಲೇಳಲಿಲ್ಲ. ಅಷ್ಟರಲ್ಲಿ ಪಕ್ಕದ ಸಾಲಿಗೆ ಅದೇ ಬಸ್ಸು ಬಂದು ನಿಂತಿತು. ಕಿಟಕಿಯೊಂದು ನೇರವಾಗಿ ಅರ್ಜಿದಾರರ ನೆತ್ತಿಯ ಮೇಲಿತ್ತು.

“ಅಪ್ಪಾ.”

ತಮ್ಮ ಬಸ್ಸು ಆಗಲೇ ಹೋಗಿರಬೇಕೆಂದು ಅವರು ಲೆಕ್ಕ ಹಾಕಿದ್ದರು. ಅದು ಅಂದು ಹದಿನೈದು ಮಿನಿಟು ತಡ. ಎರಡು ವರ್ಷ ವೇಳೆ ನೋಡಿದವರು ಆ ಒಂದು ದಿನ ನೋಡಿರಲಿಲ್ಲ.

“ಎಲ್ಲಿಗೆ ಹೊಂಟ್ಯೋ?”

“ನೆರಳಿಗೆ,” ಎಂದರು ಅರ್ಜಿದಾರರು.

ತಾವು ಬಸ್ಸಿಳಿದು ಬಂದು, ನಾಕೆಯವರೊಡನೆ ಮಾತಾಡಿ ಕಂಬ ಎತ್ತಿಸಿ, “ಆ ಬದಿಗೆ ಸರಿ” ಎಂದಷ್ಟೇ ಹೇಳಿ ಸ್ಟಿಯರಿಂಗ್ ಚಕ್ರ ಹಿಡಿದಿರಿ. ಕ್ಲಾಸಿಗೆ ತಡವಾಗುತ್ತಿದ್ದುದರಿಂದ ಕಾರು ಮನೆಯ ಕಡೆ ತಿರುಗದೆ ಕಾರವಾರದ ಕಡೆಗೇ ಹೋಯಿತು. ಅಮದಳ್ಳಿಯ ಹತ್ತಿರ ತಾವು ಅದೇ ಬಸ್ಸನ್ನು ಪುನಃ ಹಿಂದೆ ಹಾಕಿದಿರಿ. ಆಗ ತಾವು ನಕ್ಕಿದ್ದೀರಿ. ಸಮುದ್ರದ ಕಡೆ ಮುಖ ಮಾಡಿ ನಕ್ಕಿದ್ದೀರಿ, ಆದರೂ ನಕ್ಕಿದ್ದೀರಿ.

೮. ಕಾರವಾರ ಮುಟ್ಟಿದ ಕೂಡಲೇ ಚಾವಿ ತಮ್ಮ ಚೀಲಕ್ಕೆ, ಕಾರು ಐ.ಟಿ.ಐ. ಶೆಡ್ಡಿಗೆ, ಅರ್ಜಿದಾರರು ರಾಜೀವನದೇ ಮರಳುವ ಬಸ್ಸಿಗೆ ಹೋದರು. ರಾಜೀವ ದಾರಿಯುದ್ದಕ್ಕೂ ಹಿಂತಿರುಗಿ ನೋಡಲಿಲ್ಲ. ಅವನ ಹೆಗಲು ಮಾತ್ರ ಅಂಕೋಲೆಯ ತನಕ ಕುಲುಕುತ್ತಿತ್ತು.

ಕಳೆದ ಸೋಮವಾರ ತಪಾಸಣೆ ಮುಗಿದು, ಹೊಸ ಇಂಜಿನ್ ಪುಸ್ತಕದಲ್ಲಿ ನಮೂದಾಗಿ, ಕಾರು ಮನೆಗೆ ಬಂದಿದೆ. ಷರತ್ತು ಪೂರೈಸಿದೆ. ಚಾವಿ ಇನ್ನೂ ಚೀಲದಲ್ಲಿದೆ.

೯. ಈಗ ಒಂದು ತಪ್ಪೊಪ್ಪಿಗೆ. ಕಾರು ಬಂದ ದಿನ ತಾವು ಕೈ ತೊಳೆಯಲು ಒಳಗೆ ಹೋದಾಗ ಅರ್ಜಿದಾರರು ಹಳೆಯ ಇಂಜಿನ್ನಿನ ಎಣ್ಣೆ ಅಳೆಯುವ ಕಡ್ಡಿ ಎಳೆದು ನೋಡಿದ್ದರು. ಎಣ್ಣೆ ಹಾಲು ಬೆರೆಸಿದ ಚಹಾದಂತಿತ್ತು. ಅಂದರೆ ಹೆಡ್ ಗ್ಯಾಸ್ಕೆಟ್ ಹೋಗಿ ನೀರು ಒಳಗೆ ಸೇರಿದ್ದು, ಇಷ್ಟೇ. ಎರಡು ದಿನದ ಕೆಲಸ. ಎರಡು ದಿನದಲ್ಲಿ ಮುಗಿದರೆ ಮೂರನೆಯ ದಿನ ಪುನಃ ಕುರ್ಚಿ ಎಂದು ಅವರಿಗೆ ಹೊಳೆಯಿತು. ಕಾರಣ ಕಡ್ಡಿ ಒರೆಸಿ ಒಳಗಿಟ್ಟು ಸುಮ್ಮನಾದರು. ಮಗಳಿಗೆ ಸುಳ್ಳು ಹೇಳಿದೆನೆಂದು ಆರು ತಿಂಗಳು ಒಳಗೊಳಗೇ ಅಳುಕಿದರು.

ಆದರೆ ಮೊನ್ನೆ ಶನಿವಾರ ತಮ್ಮ ಪಾನಾ-ಹತ್ಯಾರಿನ ಪೆಟ್ಟಿಗೆ ಒರೆಸುವಾಗ, ತಳದಲ್ಲಿ ಅದೇ ಹಳೆಯ ಇಂಜಿನ್ನಿಗೆ ಹೊಂದುವ ಹೊಸ ಗ್ಯಾಸ್ಕೆಟ್ ಸಿಕ್ಕಿತು. ಪೊಟ್ಟಣ ಒಡೆದಿಲ್ಲ. ಅದರ ಮೇಲಿನ ಅಂಗಡಿ ಚೀಟಿಯ ತಾರೀಕು, ಕಾರು ಮನೆಗೆ ಬಂದದ್ದಕ್ಕಿಂತ ಎರಡು ದಿನ ಹಿಂದಿನದು. ಅಂದರೆ ಎರಡು ದಿನದ ಕೆಲಸವೆಂದು ತಮಗೂ ಮೊದಲೇ ಗೊತ್ತಿತ್ತು. ಅರ್ಜಿದಾರರು ಪೊಟ್ಟಣವನ್ನು ಇದ್ದಲ್ಲೇ ಇಟ್ಟು, ಎದ್ದು ಬಂದು, ಈ ಅರ್ಜಿ ಬರೆದುಕೊಡೆಂದು ಕೇಶವನನ್ನು ಕರೆದರು.

ಆದ್ದರಿಂದ ಮಾನ್ಯರು ದಯಮಾಡಿ ಪ್ರತಿ ರವಿವಾರ ಬೆಳಿಗ್ಗೆ ಎರಡು ತಾಸು ಚಾವಿಯನ್ನು ಅರ್ಜಿದಾರರ ವಶಕ್ಕೆ ಕೊಡಬೇಕಾಗಿಯೂ, ಪಕ್ಕದ ಸೀಟಿನಲ್ಲಿ ಖುದ್ದು ಹಾಜರಿರಬೇಕಾಗಿಯೂ ವಿನಂತಿ.

ತಮ್ಮ ವಿಶ್ವಾಸಿ ಹಾಗೂ ಜನ್ಮದಾತ,
ಶಿವಾನಂದ ಬೀರಣ್ಣ ನಾಯಕ

ಲಗತ್ತುಗಳು:
೧. ಆರ್.ಟಿ.ಓ. ನಮೂದಿನ ನಕಲು.
೨. ರಾಜೀವನ ಹೇಳಿಕೆ: “ಎರಡು ಸಲ ಹಿಂದೆ ಹಾಕಿದ್ದು ಹೌದು. ಮಗಳು ಹೆಚ್ಚು ಜೋರು.”
೩. ಶ್ರೀಮತಿ ಸುಗಂಧಾ ಅವರ ನಿರಾಕ್ಷೇಪಣೆ, ಹೊಸ ಪಾತ್ರೆಯ ಷರತ್ತಿಗೆ ಒಳಪಟ್ಟು.

ವಿಶೇಷ ಸೂಚನೆ: ಚಾವಿ ಕೊಡಲು ಅಡಚಣೆಯಿದ್ದಲ್ಲಿ ಅರ್ಜಿದಾರರ ಒತ್ತಾಯವಿಲ್ಲ. ಆದರೆ ಗೇರ್ ಪೆಟ್ಟಿಗೆಯ ಕಡೆಯಿಂದ ಒಂದು ಸಣ್ಣ ಸದ್ದು ಬರುತ್ತಿದ್ದು, ಅದನ್ನು ಪತ್ತೆಹಚ್ಚಲು ಇಂಜಿನ್ ಪೂರ್ತಿ ಕೆಳಗಿಳಿಸಬೇಕಾಗುತ್ತದೆ. ಸದ್ದು ಸದ್ಯಕ್ಕೆ ಅರ್ಜಿದಾರರಿಗೆ ಮಾತ್ರ ಕೇಳುತ್ತಿದೆ. ತಮಗೂ ಕೇಳಿದಲ್ಲಿ, ಯಾವ ಸಂಜೆಯಿಂದ ಕೆಲಸ ಶುರು ಮಾಡುವುದೆಂದು ತಿಳಿಸಬೇಕಾಗಿ ವಿನಂತಿ.